ಬಹುಕಾಲ ಬಾಳುವ ಆಸ್ಪತ್ರೆ ಸಾಫ್ಟ್‌ವೇರ್ ಕಟ್ಟುವುದು ಹೇಗೆ

ಮಗುವಿಗೆ ಹಾಕಿದ ಲಸಿಕೆಯ ದಾಖಲೆ ಅದು ಮುಪ್ಪಾಗುವ ತನಕ ಬೇಕಾಗಬಹುದು. ಆ ದಾಖಲೆ ಹೊತ್ತ ಸರ್ವರ್ ಮಾತ್ರ ಐದಾರು ವರ್ಷಕ್ಕೇ ಹಳತು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪ್ರತಿ ಮುಖ್ಯ ಆವೃತ್ತಿಗೆ ಬೆಂಬಲ ಸಿಗುವುದು 5 ವರ್ಷ, ಪರದೆ ಕಟ್ಟಲು ಬಳಸುವ ಲೈಬ್ರರಿಗಳಿಗೆ ಅದಕ್ಕಿಂತಲೂ ಕಡಿಮೆ. ಆಸ್ಪತ್ರೆಯ ಸಾಫ್ಟ್‌ವೇರಿನಲ್ಲಿ ನಿಜವಾದ ಕಷ್ಟ ಇರುವುದು ಇಲ್ಲೇ: ಆಯುಷ್ಯ ಬೇರೆ ಬೇರೆಯಾದ ಭಾಗಗಳನ್ನು ಒಟ್ಟಿಗೆ ಕೂಡಿಸಬೇಕು, ಒಂದನ್ನು ಕಿತ್ತು ಹಾಕುವಾಗ ಇನ್ನೊಂದು ಅಲುಗಾಡಬಾರದು.

ಆಗದ ಕೆಲಸವೇನಲ್ಲ. 1960ರ ದಶಕದಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹುಟ್ಟಿದ ಮಂಪ್ಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ, 70ರ ದಶಕದ ಕೊನೆಯಿಂದ ಬೆಳೆದದ್ದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ವಿಸ್ಟಾ ವ್ಯವಸ್ಥೆ. ಟರ್ಮಿನಲ್ ಪರದೆ ಹೋಗಿ ಮೌಸ್ ಬಂದರೂ ಕೆಳಗಿನ ದತ್ತಾಂಶದ ಅಡಿಪಾಯ ಅದೇ ಉಳಿಯಿತು.

ಆದ್ದರಿಂದ ಮೊದಲ ದಿನ ಕೋಡ್ ಬರೆಯಬೇಡಿ, ಆಯುಷ್ಯದ ಪಟ್ಟಿ ಬರೆಯಿರಿ. ಒಂದು ಅಂದಾಜು ಹೀಗಿರಲಿ: ರೋಗಿಯ ದತ್ತಾಂಶ 30 ವರ್ಷಕ್ಕಿಂತ ಹೆಚ್ಚು, ಬೇರೆ ಯಂತ್ರ–ವಿಭಾಗಗಳ ಜತೆಗಿನ ಕೊಂಡಿಗಳು 15, ಬಿಲ್ಲಿಂಗ್ ಮತ್ತು ಔಷಧದ ನಿಯಮಗಳು 3ರಿಂದ 5, ಪರದೆಗಳು 3. ಆಮೇಲೆ ಒಂದೇ ನಿಯಮ ಪಾಲಿಸಿ: ಅಲ್ಪಾಯುಷಿಯ ಗುರುತು ದೀರ್ಘಾಯುಷಿಯ ಒಳಗೆ ಸೇರಕೂಡದು. ಪರದೆಯ ಡ್ರಾಪ್‌ಡೌನ್‌ನಲ್ಲಿ ಕಾಣುವ ಪದವನ್ನೇ ಡೇಟಾಬೇಸಿಗೆ ತುರುಕುವುದು, ಯಂತ್ರ ಮಾರಿದ ಕಂಪನಿಯ ಕ್ರಮಸಂಖ್ಯೆಯನ್ನು ಸಾಲನ್ನು ಗುರುತಿಸುವ ಮುಖ್ಯ ಕೀಲಿಯಾಗಿಸುವುದು, ಜಾವಾ ಆಬ್ಜೆಕ್ಟನ್ನು ಇದ್ದ ಹಾಗೇ ಸೀರಿಯಲೈಸ್ ಮಾಡಿ (ಬೈಟ್‌ಗಳ ಸರಪಳಿಯಾಗಿಸಿ) ಒಂದು ಕಾಲಂನಲ್ಲಿ ಇಡುವುದು, ಮೂರೂ ಈ ನಿಯಮ ಮುರಿಯುತ್ತವೆ. ಮೂರನೆಯದಂತೂ ಕ್ಲಾಸಿನ ಹೆಸರು ಬದಲಾದ ದಿನವೇ ಕೈಕೊಡುತ್ತದೆ.

ರೋಗಿ ಯಾರು ಎಂಬ ಪ್ರಶ್ನೆ

ಹೆಚ್ಚಿನ ವ್ಯವಸ್ಥೆಗಳು ಹದಗೆಡುವುದು ಇಲ್ಲಿಂದಲೇ, ಹಾಗಾಗಿ ಇದಕ್ಕೆ ಸಮಯ ಕೊಡಿ. ಒಳಗಿನ ಗುರುತಿಗೆ ಯಾವ ಅರ್ಥವೂ ಇರಬಾರದು. ಮತ್ತೊಂದಿಲ್ಲದಂತೆ ಕಂಪ್ಯೂಟರೇ ಹುಟ್ಟಿಸುವ ಉದ್ದನೆಯ ಗುರುತು, ಯುಯುಐಡಿ ಸಾಕು, ಒಮ್ಮೆ ಕೊಟ್ಟದ್ದನ್ನು ಮತ್ತೊಬ್ಬರಿಗೆ ಕೊಡಬಾರದು. ಆಸ್ಪತ್ರೆ ಸಂಖ್ಯೆ, ಸರ್ಕಾರಿ ಗುರುತಿನ ಸಂಖ್ಯೆ, ವಿಮೆ ಸಂಖ್ಯೆ, ಫೋನು ಇವೆಲ್ಲ ಬೇರೆ ಟೇಬಲ್ಲಿನಲ್ಲಿರಲಿ. ಪ್ರತಿ ಸಾಲಿನಲ್ಲಿ ಯಾರು ಕೊಟ್ಟದ್ದು, ಸಂಖ್ಯೆ ಏನು, ಯಾವಾಗಿನಿಂದ ಯಾವಾಗಿನವರೆಗೆ ಚಾಲ್ತಿ ಎಂಬ ಮೂರು ವಿಷಯ ಬರಲಿ. ಫೋನ್ ಸಂಖ್ಯೆಯನ್ನು ಅನನ್ಯ ಎಂದು ನಂಬಿದರೆ ಒಂದೇ ಮನೆಯ ನಾಲ್ವರು ಒಂದೇ ಫೋನಿನಲ್ಲಿ ನೋಂದಾಯಿಸಿದಾಗ ಸಿಕ್ಕಿಬೀಳುತ್ತೀರಿ.

ನೋಂದಣಿ ಪರದೆಗೆ ಕಠಿಣ ಪ್ರಕರಣಗಳನ್ನು ಮೊದಲೇ ತಿನ್ನಿಸಿ ನೋಡಿ. ಪ್ರಜ್ಞೆ ಇಲ್ಲದೆ ಬಂದವರಿಗೆ ಹೆಸರಿಲ್ಲ. ನವಜಾತ ಶಿಶುವಿಗೆ ಮೊದಮೊದಲು ತಾಯಿಯ ಹೆಸರೇ ಹೆಸರು. ಅವಳಿ ಹುಟ್ಟಿದರೆ ಇಬ್ಬರಿಗೂ ಅದೇ ಹೆಸರು, ಅದೇ ಜನ್ಮದಿನ, ಅದೇ ವಿಳಾಸ. ವಯಸ್ಸಾದ ಕೆಲವರಿಗೆ ಹುಟ್ಟಿದ ವರ್ಷ ಮಾತ್ರ ನೆನಪು. ಪರದೆ ಪೂರ್ಣ ದಿನಾಂಕ ಕೇಳಿದರೆ ಗುಮಾಸ್ತರು ಜನವರಿ 1 ಎಂದು ಒತ್ತಿ ಮುಂದೆ ಹೋಗುತ್ತಾರೆ. ಕೆಲವು ವರ್ಷ ಕಳೆದ ಮೇಲೆ ನಿಜವಾಗಿ ಜನವರಿ 1ರಂದು ಹುಟ್ಟಿದವರು ಯಾರು ಎಂದು ಯಾರಿಗೂ ಹೇಳಲಾಗದು. ಆರೋಗ್ಯ ವ್ಯವಸ್ಥೆಗಳು ದತ್ತಾಂಶ ಹಂಚಿಕೊಳ್ಳಲು ಬಳಸುವ ಫೈರ್ (FHIR) ಮಾನದಂಡದಲ್ಲಿ ಜನ್ಮದಿನಾಂಕಕ್ಕೆ ವರ್ಷ ಮಾತ್ರ, ಅಥವಾ ವರ್ಷ–ತಿಂಗಳು ಮಾತ್ರ ಕೊಡಲು ಅವಕಾಶವಿದೆ. ನಿಮ್ಮ ಟೇಬಲ್ಲಿನಲ್ಲೂ ದಿನಾಂಕದ ಪಕ್ಕ ಅದರ ನಿಖರತೆಯನ್ನು ಹೇಳುವ ಒಂದು ಕಾಲಂ ಇಡಿ.

ಎಷ್ಟು ಎಚ್ಚರವಿದ್ದರೂ ಒಬ್ಬರಿಗೇ ಎರಡು ದಾಖಲೆ ಆಗಿಯೇ ಆಗುತ್ತವೆ. ಅವನ್ನು ಜೋಡಿಸುವ ಕೆಲಸವನ್ನು ಹಿಂದಕ್ಕೆ ಪಡೆಯಲು ಬರುವಂತೆ ಮಾಡಿ, ಏಕೆಂದರೆ ತಪ್ಪು ಜೋಡಣೆ ದ್ವಿಪ್ರತಿಗಿಂತ ಅಪಾಯಕಾರಿ: ಒಬ್ಬರ ಪೆನಿಸಿಲಿನ್ ಅಲರ್ಜಿ ಇನ್ನೊಬ್ಬರಿಗೆ ಅಂಟಿಕೊಳ್ಳುತ್ತದೆ, ಇಲ್ಲವೇ ಇದ್ದ ಅಲರ್ಜಿ ಮಾಯವಾಗುತ್ತದೆ. ಕ್ರಮ ಇಷ್ಟೇ. ಸೋತ ದಾಖಲೆಯನ್ನು ಅಳಿಸಬೇಡಿ, ‘ಇದರ ಬದಲಿಗೆ ಅದು’ ಎಂದು ತೋರುವ ಕೊಂಡಿ ಹಾಕಿ. ಅದರಡಿ ಇದ್ದ ತಪಾಸಣೆ, ಔಷಧ, ಭೇಟಿಗಳ ಸಾಲುಗಳಲ್ಲಿ ಮೂಲ ರೋಗಿ ಗುರುತನ್ನು ಹಾಗೇ ಬಿಡಿ. ಓದುವಾಗ ಕೊಂಡಿ ಹಿಡಿದು ಎರಡನ್ನೂ ಕೂಡಿಸಿ ತೋರಿಸಿ. ಯಾರು, ಯಾವಾಗ, ಯಾವ ಕಾರಣಕ್ಕೆ ಜೋಡಿಸಿದರು ಎಂಬುದು ದಾಖಲಾಗಲಿ. ಆಮೇಲೆ ಲ್ಯಾಬ್, ಎಕ್ಸ್‌ರೇ, ಫಾರ್ಮಸಿ ವ್ಯವಸ್ಥೆಗಳಿಗೆ ಸುದ್ದಿ ಕಳಿಸಿ. ಆಸ್ಪತ್ರೆಯ ವ್ಯವಸ್ಥೆಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ಎಚ್‌ಎಲ್7 ಮಾನದಂಡದ ಎರಡನೇ ಆವೃತ್ತಿಯಲ್ಲಿ ಇದಕ್ಕೆಂದೇ ಎ40 ಸಂದೇಶವಿದೆ. ಅದನ್ನು ಕಳಿಸುವವರು ಬಹಳ, ಪಡೆದು ನಿಜಕ್ಕೂ ಪಾಲಿಸುವ ಯಂತ್ರಗಳು ಕಡಿಮೆ. ಪ್ರತಿ ವಿಭಾಗದಲ್ಲೂ ಪರೀಕ್ಷಿಸಿಯೇ ನಂಬಿ.

ಫಲಿತಾಂಶವನ್ನು ಪೂರ್ತಿ ಬರೆದಿಡಿ

‘ಗ್ಲೂಕೋಸ್ 7’ ಎಂಬುದು ಫಲಿತಾಂಶವಲ್ಲ. ಲೀಟರಿಗೆ 7 ಮಿಲಿಮೋಲ್ ಎಂದರೆ ಡೆಸಿಲೀಟರಿಗೆ ಸುಮಾರು 126 ಮಿಲಿಗ್ರಾಂ, ಉಪವಾಸದಲ್ಲಿ ತೆಗೆದ ರಕ್ತವಾದರೆ ಮಧುಮೇಹದ ಗಡಿ. ಡೆಸಿಲೀಟರಿಗೆ 7 ಮಿಲಿಗ್ರಾಂ ಎಂದರೆ ಪ್ರಾಣಾಪಾಯ. ನಡುವಿನ ಗುಣಕ ಸುಮಾರು 18. ಕ್ರಿಯಾಟಿನಿನ್‌ಗೆ ಮಿಲಿಗ್ರಾಂನಿಂದ ಮೈಕ್ರೋಮೋಲ್‌ಗೆ ಹೋಗುವಾಗ ಅದು 88.4. ಲ್ಯಾಬ್ ಹೊಸ ಯಂತ್ರ ತಂದ ದಿನ ಮಾನ ಬದಲಾಗಿ, ಹಳೆಯ ಗ್ರಾಫ್ ಒಂದೇ ದಿನದಲ್ಲಿ ಪಾತಾಳಕ್ಕೆ ಬೀಳುವುದು ಈ ಕ್ಷೇತ್ರದಲ್ಲಿ ಮಾಮೂಲು.

ಒಂದು ಫಲಿತಾಂಶದ ಸಾಲಿನಲ್ಲಿ ಇರಬೇಕಾದ್ದು: ಪರೀಕ್ಷೆಯ ಪ್ರಮಾಣಿತ ಕೋಡ್, ಲ್ಯಾಬಿನ ಸ್ವಂತ ಕೋಡ್, ಬಂದ ಮೌಲ್ಯ ಬಂದ ಹಾಗೇ, ಮಾನ, ಹೋಲಿಕೆಯ ಚಿಹ್ನೆ, ಆ ದಿನ ಚಾಲ್ತಿಯಲ್ಲಿದ್ದ ಸಾಮಾನ್ಯ ಮಿತಿ, ಫಲಿತಾಂಶದ ಸ್ಥಿತಿ (ತಾತ್ಕಾಲಿಕವೋ, ಅಂತಿಮವೋ, ತಿದ್ದಿದ್ದೋ). ಪರೀಕ್ಷೆಗಳಿಗೆ ಪ್ರಮಾಣಿತ ಕೋಡ್ ಕೊಡುವ ಲೊಇಂಕ್ (LOINC) ಪಟ್ಟಿಯಲ್ಲಿ ರಕ್ತದ ಸೀರಂ ಅಥವಾ ಪ್ಲಾಸ್ಮಾ ಗ್ಲೂಕೋಸ್ ತೂಕದ ಮಾನದಲ್ಲಿದ್ದರೆ 2345-7, ಮೋಲ್ ಮಾನದಲ್ಲಿದ್ದರೆ 14749-6. ಎರಡು ಬೇರೆ ಕೋಡ್ ಇರುವುದಕ್ಕೆ ಕಾರಣ ಮೇಲಿನ ಪ್ಯಾರಾದಲ್ಲೇ ಇದೆ. ಪರಿವರ್ತಿಸಿದ ಮೌಲ್ಯವನ್ನು ಬೇಕಾದರೆ ಇನ್ನೊಂದು ಕಾಲಂನಲ್ಲಿಡಿ, ಮೂಲವನ್ನು ಬಿಸಾಡಬೇಡಿ. ಹೋಲಿಕೆಯ ಚಿಹ್ನೆ ಮರೆತರೆ ‘0.01ಕ್ಕಿಂತ ಕಡಿಮೆ’ ಎಂಬುದು ಸಂಖ್ಯೆಯ ಕಾಲಂಗೆ ಹೊಂದದೆ ಖಾಲಿಯಾಗಿ ಕೂರುತ್ತದೆ, ವೈದ್ಯರಿಗೆ ‘ಪರೀಕ್ಷೆ ಆಗಿಲ್ಲ’ ಎಂದು ಕಾಣುತ್ತದೆ.

ಸಮಯವೂ ಒಂದಲ್ಲ, ನಾಲ್ಕು: ಮಾದರಿ ತೆಗೆದದ್ದು, ಲ್ಯಾಬಿಗೆ ಮುಟ್ಟಿದ್ದು, ಫಲಿತಾಂಶ ಹೊರಬಿದ್ದದ್ದು, ನಿಮ್ಮ ವ್ಯವಸ್ಥೆಗೆ ಸೇರಿದ್ದು. ಗ್ರಾಫ್ ಬಿಡಿಸುವುದು ಮೊದಲನೆಯದರ ಮೇಲೆ. ಕೊನೆಯದನ್ನು ಬಳಸಿದರೆ ಬೆಳಗ್ಗೆ ತೆಗೆದ ರಕ್ತ ಸಂಜೆಯ ಔಷಧದ ನಂತರದ್ದಾಗಿ ತೋರುತ್ತದೆ. ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಬರೆದು, ಸ್ಥಳೀಯ ಗಡಿಯಾರಕ್ಕೂ ಅದಕ್ಕೂ ಇರುವ ಅಂತರವನ್ನು, ಅಂದರೆ ಆಫ್‌ಸೆಟ್ ಅನ್ನು ಜತೆಗಿಡಿ. ಗಡಿಯಾರ ಹಿಂದೆ ಸರಿಸುವ ದೇಶಗಳಲ್ಲಿ ವರ್ಷಕ್ಕೊಮ್ಮೆ ರಾತ್ರಿಯ ಒಂದು ಗಂಟೆ ಎರಡು ಬಾರಿ ಬರುತ್ತದೆ. ಆ ಹೊತ್ತಿನಲ್ಲಿ ಕೊಟ್ಟ ಇನ್ಸುಲಿನ್ ಯಾವ ಗಂಟೆಯದು ಎಂಬುದು ಆಫ್‌ಸೆಟ್ ಇಲ್ಲದೆ ತಿಳಿಯದು. 32 ಬಿಟ್ ಸಮಯ ಎಣಿಸುವ ಹಳೆಯ ಉಪಕರಣ ಇದ್ದರೆ ಅದರ ಲೆಕ್ಕ 2038ರ ಜನವರಿ 19ಕ್ಕೆ ಮುಗಿಯುತ್ತದೆ ಎಂದೂ ಆಯುಷ್ಯದ ಪಟ್ಟಿಯಲ್ಲಿ ಬರೆಯಿರಿ.

ತಿದ್ದುಪಡಿ ಬಂದಾಗ ಹಳೆಯ ಮೌಲ್ಯದ ಮೇಲೆ ಹೊಸದನ್ನು ಬರೆಯಬೇಡಿ. ಹಳೆಯ ಮೌಲ್ಯ ನೋಡಿಯೇ ಯಾರೋ ಔಷಧ ಬರೆದಿರುತ್ತಾರೆ. ಅವರು ಏನು ನೋಡಿದ್ದರು ಎಂಬುದು ನಾಳೆ ಬೇಕಾಗುತ್ತದೆ.

ಕೊಂಡಿಗಳು

ಎಚ್‌ಎಲ್7 ಎರಡನೇ ಆವೃತ್ತಿ 1980ರ ದಶಕದ ಕೂಸು, ಆದರೂ ಲ್ಯಾಬ್ ಯಂತ್ರಗಳ ಲೋಕ ಇನ್ನೂ ಅದರ ಮೇಲೇ ನಡೆಯುತ್ತಿದೆ. ಅದನ್ನು ಹೀಗಳೆದು ಕೂರುವುದಕ್ಕಿಂತ ಸರಿಯಾಗಿ ನಿಭಾಯಿಸುವುದು ಮೇಲು. ಈ ಸಂದೇಶಗಳನ್ನು ನೆಟ್‌ವರ್ಕ್‌ನಲ್ಲಿ ಒಯ್ಯುವ ಎಂಎಲ್‌ಎಲ್‌ಪಿ ಸಾಗಣೆಯಲ್ಲಿ ಸಂದೇಶ 11 ಬೆಲೆಯ ಬೈಟ್‌ನಿಂದ ಶುರುವಾಗಿ 28, 13 ಬೆಲೆಯ ಬೈಟ್‌ಗಳಿಂದ ಮುಗಿಯುತ್ತದೆ. ಪಡೆದವರು ಸ್ವೀಕೃತಿ ಕಳಿಸಬೇಕು: ಎಎ ಎಂದರೆ ಸರಿ, ಎಇ ಎಂದರೆ ದೋಷ, ಎಆರ್ ಎಂದರೆ ತಿರಸ್ಕಾರ. ಪದೇ ಪದೇ ಆಗುವ ತಪ್ಪೆಂದರೆ ಡಿಸ್ಕಿಗೆ ಬರೆಯುವ ಮೊದಲೇ ಎಎ ಕಳಿಸಿಬಿಡುವುದು. ಆ ಕ್ಷಣದಲ್ಲಿ ಪ್ರೋಗ್ರಾಂ ನಿಂತರೆ ಲ್ಯಾಬ್ ‘ಮುಟ್ಟಿತು’ ಎಂದುಕೊಳ್ಳುತ್ತದೆ, ವಾರ್ಡಿಗೆ ಏನೂ ಬಂದಿರುವುದಿಲ್ಲ, ಯಾರಿಗೂ ದೋಷ ಕಾಣುವುದಿಲ್ಲ. ಬಂದ ಪಠ್ಯವನ್ನು ಹಾಗೇ ಒಂದು ಟೇಬಲ್ಲಿಗೆ ಬರೆದು, ಕಮಿಟ್ ಆದ (ಬರೆದದ್ದು ಡಿಸ್ಕಿನಲ್ಲಿ ಭದ್ರವಾದ) ಮೇಲೆ ಸ್ವೀಕೃತಿ ಕಳಿಸಿ, ಬಿಡಿಸಿ ಓದುವ ಕೆಲಸ ಆಮೇಲೆ ಇಟ್ಟುಕೊಳ್ಳಿ.

ಸ್ವೀಕೃತಿ ದಾರಿಯಲ್ಲಿ ಕಳೆದರೆ ಅದೇ ಸಂದೇಶ ಮತ್ತೆ ಬರುತ್ತದೆ. ಸಂದೇಶದ ತಲೆಬರಹವಾದ ಎಂಎಸ್‌ಎಚ್ ಸಾಲಿನ 10ನೇ ಅಂಕಣದ ನಿಯಂತ್ರಣ ಸಂಖ್ಯೆ ಮತ್ತು ಕಳಿಸಿದ ವ್ಯವಸ್ಥೆಯ ಹೆಸರು ಎರಡನ್ನೂ ಕೂಡಿಸಿ, ಅದೇ ಜೋಡಿ ಮತ್ತೆ ಸೇರದಂತೆ ತಡೆಯುವ ಅನನ್ಯ ಇಂಡೆಕ್ಸ್ ಹಾಕಿದರೆ ದ್ವಿಪ್ರತಿ ತಾನಾಗಿ ನಿಲ್ಲುತ್ತದೆ. ಕೆಲವು ಯಂತ್ರಗಳು ರೀಸ್ಟಾರ್ಟ್ ಆದಾಗ ಈ ಸಂಖ್ಯೆಯನ್ನು 1ರಿಂದ ಶುರುಮಾಡುತ್ತವೆ, ಅಂಥವಕ್ಕೆ ಸಂದೇಶದ ಸಮಯವನ್ನೂ ಸೇರಿಸಿ. 18ನೇ ಅಂಕಣದ ಅಕ್ಷರಸೆಟ್ ನೋಡದಿದ್ದರೆ ಲ್ಯಾಟಿನ್ ಅಲ್ಲದ ಲಿಪಿಯ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಬಿಡಿಸಲಾಗದ ಸಂದೇಶಕ್ಕೆ ಪ್ರತ್ಯೇಕ ಸಾಲು (ಕ್ಯೂ) ಇರಲಿ, ಆ ಸಾಲನ್ನು ದಿನಾ ನೋಡುವ ಮನುಷ್ಯರ ಹೆಸರೂ ಬರೆದಿರಲಿ. ನೋಡುವವರಿಲ್ಲದ ದೋಷಸಾಲು ಕಸದಬುಟ್ಟಿಯೇ.

ಕಳಿಸಿದ ಎಣಿಕೆ, ಸೇರಿದ ಎಣಿಕೆ ಎರಡನ್ನೂ ಪ್ರತಿ ರಾತ್ರಿ ತಾಳೆ ನೋಡಿ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದೈನಿಕ ಲೆಕ್ಕದಿಂದ ಬಿಟ್ಟುಹೋದವು. ಹಳೆಯ ಎಕ್ಸೆಲ್ ನಮೂನೆಯಲ್ಲಿ ಒಂದು ಹಾಳೆಗೆ 65,536 ಸಾಲು ಮಾತ್ರ ಹಿಡಿಯುತ್ತಿತ್ತು. ಉಳಿದವು ಸದ್ದಿಲ್ಲದೆ ಕಳಚಿಕೊಂಡವು. ಎರಡು ಸಂಖ್ಯೆಗಳನ್ನು ಹೋಲಿಸುವ ಒಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಅದನ್ನು ಮೊದಲ ರಾತ್ರಿಯೇ ಹಿಡಿಯಬಲ್ಲದಾಗಿತ್ತು.

ಹೊಸ ಕೊಂಡಿಗಳಿಗೆ ಫೈರ್ ಆರಿಸಿ. ಅದರ ಆರ್4 ಆವೃತ್ತಿಯಲ್ಲಿ ಪೇಶೆಂಟ್ (ರೋಗಿ), ಅಬ್ಸರ್ವೇಷನ್ (ತಪಾಸಣೆಯ ಫಲಿತಾಂಶ) ಇಂಥ ಕೆಲವೇ ಭಾಗಗಳು ಸ್ಥಿರ ಎಂದು ಘೋಷಿತ. ಔಷಧದ ಬೇಡಿಕೆಯ ಭಾಗ ಇನ್ನೂ ಪ್ರಯೋಗದ ಹಂತದ್ದು. ಹಾಗಾಗಿ ಫೈರ್‌ನ ಆಕಾರವನ್ನೇ ಡೇಟಾಬೇಸಿನ ಆಕಾರ ಮಾಡಿಕೊಳ್ಳಬೇಡಿ. ಅದು ಬಾಗಿಲಲ್ಲಿ ಆಡುವ ಭಾಷೆ, ಒಳಗೆ ನಿಮ್ಮದೇ ಇರಲಿ. ವ್ಯವಸ್ಥೆಗಳ ನಡುವೆ ಸಂದೇಶ ಸಾಗಿಸುವ ಇಂಟರ್‌ಫೇಸ್ ಎಂಜಿನ್ನಿನಲ್ಲಿ ನಮೂನೆ ಬದಲಿಸುವ ಕೆಲಸ ಮಾತ್ರ ಮಾಡಿ. ‘ಈ ಮೌಲ್ಯ ಬಂದರೆ ವೈದ್ಯರಿಗೆ ಕರೆ’ ಎಂಬಂಥ ವೈದ್ಯಕೀಯ ನಿರ್ಧಾರ ಅಲ್ಲಿ ಅಡಗಿ ಕೂತರೆ ಎಂಜಿನ್ ಬದಲಿಸುವ ದಿನ ಯಾರಿಗೂ ಅದರ ನೆನಪಿರುವುದಿಲ್ಲ.

ಎಷ್ಟು ತುಂಡು ಮಾಡಬೇಕು

ಹತ್ತು ಜನರೊಳಗಿನ ತಂಡಕ್ಕೆ ಮೈಕ್ರೋಸರ್ವಿಸ್‌ಗಳ, ಅಂದರೆ ಬೇರೆ ಬೇರೆಯಾಗಿ ಓಡುವ ಸಣ್ಣ ಪ್ರೋಗ್ರಾಂಗಳ ಗೊಡವೆ ಬೇಡ. ಒಂದೇ ಪ್ರೋಗ್ರಾಂ, ಒಂದೇ ಡೇಟಾಬೇಸ್, ಒಳಗೆ ವಿಭಾಗಕ್ಕೊಂದು ಮಾಡ್ಯೂಲ್, ಮಾಡ್ಯೂಲಿಗೊಂದು ಸ್ಕೀಮಾ (ಟೇಬಲ್ಲುಗಳ ಪ್ರತ್ಯೇಕ ಗುಂಪು) ಮತ್ತು ಬೇರೆ ಡೇಟಾಬೇಸ್ ಬಳಕೆದಾರ. ಫಾರ್ಮಸಿಯ ಬಳಕೆದಾರನಿಗೆ ಬಿಲ್ಲಿಂಗ್ ಟೇಬಲ್ ಓದಲು ಅನುಮತಿಯೇ ಇರದಿದ್ದರೆ ಶಿಸ್ತು ತಾನಾಗಿ ಬರುತ್ತದೆ. ವರದಿಗಳಿಗೆ ಡೇಟಾಬೇಸಿನ ಬೇರೆ ಪ್ರತಿ ಇಡಿ. ತಿಂಗಳ ಕೊನೆಯ ಲೆಕ್ಕದ ಕ್ವೆರಿ ತುರ್ತು ವಿಭಾಗದ ಪರದೆಯನ್ನು ತಡೆಹಿಡಿಯುವುದಕ್ಕೆ ಸಬೂಬೇ ಇಲ್ಲ.

ನಿಯಮಗಳು ಕೋಡಿನಲ್ಲಿ ಇರದೆ ದಿನಾಂಕಸಹಿತ ಸಾಲುಗಳಾಗಿರಲಿ. ಗರಿಷ್ಠ ಪ್ರಮಾಣ, ವಯಸ್ಸಿನ ಮಿತಿ, ಯಾವಾಗಿನಿಂದ ಜಾರಿ, ಯಾವಾಗ ಮುಗಿಯಿತು, ಯಾವ ವೈದ್ಯರು ಒಪ್ಪಿದರು. ಎಚ್ಚರಿಕೆಗಳಲ್ಲಿ ಮಾತ್ರ ಜಿಪುಣರಾಗಿ. 2006ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯ ಪ್ರಕಾರ ಔಷಧ ಸುರಕ್ಷತೆಯ ಎಚ್ಚರಿಕೆಗಳಲ್ಲಿ ಶೇ 49ರಿಂದ 96ರಷ್ಟನ್ನು ವೈದ್ಯರು ತಳ್ಳಿಹಾಕುತ್ತಿದ್ದರು. ಪ್ರತಿ ಎಚ್ಚರಿಕೆಗೂ ಎಷ್ಟು ಬಾರಿ ತೋರಿತು, ಎಷ್ಟು ಬಾರಿ ದಾಟಿಹೋದರು ಎಂದು ಎಣಿಸಿ. ನೂರಕ್ಕೆ ತೊಂಬತ್ತು ಸಲ ದಾಟುವ ಎಚ್ಚರಿಕೆಯನ್ನು ತಿಂಗಳಿಗೊಮ್ಮೆ ವೈದ್ಯರ ಜತೆ ಕೂತು ತಿದ್ದಿ, ಇಲ್ಲವೇ ಕಿತ್ತುಹಾಕಿ.

ಹಳೆಯ ಕೋಡನ್ನು ಹೊಸ ಯಂತ್ರಕ್ಕೆ ಒಯ್ಯುವವರು ಥೆರಾಕ್-25ರ ಕಥೆ ಓದಲೇಬೇಕು. 1985ರಿಂದ 1987ರ ನಡುವೆ ಆ ವಿಕಿರಣ ಯಂತ್ರದಿಂದ ಆರು ಅಪಘಾತಗಳಾದವು. ಹಿಂದಿನ ಮಾದರಿಯಲ್ಲಿ ತಪ್ಪನ್ನು ತಡೆಯುತ್ತಿದ್ದ ಯಾಂತ್ರಿಕ ಬೀಗಗಳು ಇದರಲ್ಲಿ ಇರಲಿಲ್ಲ, ಎಲ್ಲ ಹೊಣೆ ಸಾಫ್ಟ್‌ವೇರಿನ ಮೇಲೆ. ಒಂದು ದೋಷವಂತೂ ತೀರಾ ಸಣ್ಣದು: ‘ಇನ್ನೂ ಪರಿಶೀಲಿಸಬೇಕು’ ಎಂದು ಹೇಳುವ ಒಂದು ಬೈಟ್‌ನ ಗುರುತನ್ನು ಸ್ಥಿರ ಬೆಲೆಗೆ ಇಡುವ ಬದಲು ಪ್ರತಿ ಸುತ್ತಿಗೂ ಒಂದೊಂದು ಹೆಚ್ಚಿಸುತ್ತಿದ್ದರು. ಒಂದು ಬೈಟ್ 255ರ ತನಕ ಮಾತ್ರ ಎಣಿಸಬಲ್ಲದು, ಹಾಗಾಗಿ 256ನೇ ಸುತ್ತಿಗೆ ಅದು ಸೊನ್ನೆಗೆ ಮರಳುತ್ತಿತ್ತು, ಸೊನ್ನೆ ಎಂದರೆ ಪರಿಶೀಲನೆ ಬೇಡ ಎಂದರ್ಥ.

ನಡೆಯುತ್ತಿರುವಾಗಲೇ ಬದಲಿಸುವುದು

ಆಸ್ಪತ್ರೆಗೆ ರಜೆಯಿಲ್ಲ, ಆದ್ದರಿಂದ ಟೇಬಲ್ ಬದಲಾವಣೆಯನ್ನು ಒಂದೇ ರಾತ್ರಿಯಲ್ಲಿ ಮುಗಿಸುವ ಆಸೆ ಬಿಡಿ. ಅಲರ್ಜಿಯನ್ನು ಬರಿಯ ಪಠ್ಯವಾಗಿ ಇಟ್ಟಿದ್ದೀರಿ, ಈಗ ಕೋಡ್ ಆಗಿ ಇಡಬೇಕು ಎಂದುಕೊಳ್ಳಿ.

1. ಖಾಲಿ ಇರಲು ಅವಕಾಶವಿರುವ ಹೊಸ ಕಾಲಂ ಸೇರಿಸಿ. ಟೇಬಲ್ಲಿನ ಬೀಗ (ಲಾಕ್) ಸಿಗಲು ಕಾಯುವ ಮಿತಿಯನ್ನು, ಅಂದರೆ ಲಾಕ್ ಟೈಮ್‌ಔಟನ್ನು, ಎರಡು–ಮೂರು ಸೆಕೆಂಡಿಗೆ ಇಟ್ಟು ನಡೆಸಿ. ಲಾಕ್ ಸಿಗದಿದ್ದರೆ ವಿಫಲವಾಗಲಿ, ಮತ್ತೆ ಪ್ರಯತ್ನಿಸಿದರಾಯಿತು. ಟೈಮ್‌ಔಟ್ ಇಲ್ಲದಿದ್ದರೆ ನಿಮ್ಮ ಆಜ್ಞೆಯ ಹಿಂದೆ ಇಡೀ ಆಸ್ಪತ್ರೆಯ ಕ್ವೆರಿಗಳು ಸಾಲುಗಟ್ಟುತ್ತವೆ.

2. ಎರಡೂ ಕಡೆ ಬರೆಯುವ ಕೋಡ್ ಬಿಡುಗಡೆ ಮಾಡಿ. ಓದುವುದು ಇನ್ನೂ ಹಳೆಯದರಿಂದಲೇ.

3. ಹಳೆಯ ಸಾಲುಗಳನ್ನು 5,000ದ ಕಂತುಗಳಲ್ಲಿ, ನಡುವೆ ಬಿಡುವು ಕೊಡುತ್ತ ತುಂಬಿ. ಕೋಡ್ ಹೊಂದದ ಪಠ್ಯವನ್ನು ಊಹಿಸಿ ತುಂಬಬೇಡಿ. ‘ಸಲ್ಫಾ ಇರಬಹುದು, ತಾಯಿ ಹೇಳಿದರು’ ಎಂಬಂಥ ಸಾಲನ್ನು ಫಾರ್ಮಸಿಸ್ಟ್ ಓದಿ ನಿರ್ಧರಿಸಬೇಕು.

4. ಎರಡು ವಾರ ಎರಡನ್ನೂ ಓದಿ ಹೋಲಿಸಿ, ವ್ಯತ್ಯಾಸಗಳನ್ನು ಲಾಗ್ ಮಾಡಿ. ವ್ಯತ್ಯಾಸ ಸೊನ್ನೆಯಾದ ಮೇಲೆ ಓದುವುದನ್ನು ಹೊಸದಕ್ಕೆ ತಿರುಗಿಸಿ.

5. ಹಳೆಯ ಕಾಲಂಗೆ ಬರೆಯುವುದನ್ನು ಮುಂದಿನ ಬಿಡುಗಡೆಯಲ್ಲಿ ನಿಲ್ಲಿಸಿ. ಮೂಲ ಪಠ್ಯವನ್ನು ಮಾತ್ರ ಆರ್ಕೈವ್ ಟೇಬಲ್ಲಿಗೆ ಸಾಗಿಸಿ ಉಳಿಸಿಕೊಳ್ಳಿ.

ಮೂರನೇ ಹಂತದ ತನಕ ಯಾವಾಗ ಬೇಕಾದರೂ ಹಿಂದೆ ಬರಬಹುದು. ಐದನೆಯದಕ್ಕೆ ಆತುರಪಟ್ಟವರೇ ತೊಂದರೆಗೆ ಸಿಕ್ಕುವುದು.

ನಿಂತಾಗ ಏನು

ಶೇ 99.9 ಲಭ್ಯತೆ ಎಂದರೆ ಕೇಳಲು ಚೆಂದ. ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಲುಗಡೆ ಅದರಲ್ಲಿ ಸೇರಿದೆ. ಅಷ್ಟೂ ಒಂದೇ ರಾತ್ರಿ ಬರಬಹುದು. ಪ್ರತಿ ವಾರ್ಡಿನ ಒಂದು ಕಂಪ್ಯೂಟರಿಗೆ 15 ನಿಮಿಷಕ್ಕೊಮ್ಮೆ ಆ ವಾರ್ಡಿನ ರೋಗಿಗಳ ಸಾರಾಂಶ ಎನ್‌ಕ್ರಿಪ್ಟ್ ಮಾಡಿದ ಪಿಡಿಎಫ್ ಆಗಿ ಬಂದು ಕೂರಲಿ: ಹೆಸರು, ಅಲರ್ಜಿ, ಈಗಿನ ಔಷಧ ಮತ್ತು ಕೊನೆಯ ಡೋಸಿನ ಸಮಯ, ಕಳೆದ 24 ಗಂಟೆಯ ಲ್ಯಾಬ್ ಫಲಿತಾಂಶ. ಆ ಕಂಪ್ಯೂಟರಿಗೂ ಅದರ ಪ್ರಿಂಟರಿಗೂ ಯುಪಿಎಸ್ ಇರಬೇಕು, ಪ್ರಿಂಟರ್ ನೇರ ಕೇಬಲ್ಲಿನದಾಗಿರಬೇಕು. ನೆಟ್‌ವರ್ಕ್ ಬಿದ್ದಾಗ ನೆಟ್‌ವರ್ಕ್ ಪ್ರಿಂಟರೂ ಬಿದ್ದಿರುತ್ತದೆ.

ಬ್ಯಾಕಪ್ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಒಂದು ಪ್ರತಿಯಾದರೂ ಯಾವ ಪಾಸ್‌ವರ್ಡಿನಿಂದಲೂ ಅಳಿಸಲಾಗದಂತೆ ಇರಲಿ, ಏಕೆಂದರೆ ಸುಲಿಗೆ ವೈರಸ್ ಮೊದಲು ಹುಡುಕುವುದು ಬ್ಯಾಕಪ್ಪನ್ನೇ. 2017ರ ಮೇನಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಹರಡಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಅಂದಾಜು 19,000ಕ್ಕೂ ಹೆಚ್ಚು ಭೇಟಿಗಳು ರದ್ದಾದವು. ಅದು ನುಗ್ಗಿದ ಕಂಡಿ ಮುಚ್ಚುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಪ್ಯಾಚ್ ಹಾಕಲಾಗದ ಸ್ಕ್ಯಾನರುಗಳು ಯಾವಾಗಲೂ ಇರುತ್ತವೆ. ಅವನ್ನು ಬೇರೆ ನೆಟ್‌ವರ್ಕ್ ತುಂಡಿನಲ್ಲಿಟ್ಟು, ಚಿತ್ರಸಂಗ್ರಹದ ಸರ್ವರಿನ ಡೈಕಾಮ್ (ವೈದ್ಯಕೀಯ ಚಿತ್ರಗಳ ಮಾನದಂಡ) ಪೋರ್ಟ್ ಒಂದನ್ನೇ ತೆರೆಯಿರಿ.

ವಿದ್ಯುತ್ತು, ಡಿಸ್ಕು, ಹಳೆಯ ಕಂಪ್ಯೂಟರು

ಡಿಸ್ಕಿನ ಬಹುಭಾಗ ತಿನ್ನುವುದು ಚಿತ್ರಗಳು. ಸಿಟಿ ಸ್ಕ್ಯಾನಿನ ಒಂದು ಹೋಳು 512 ಅಡ್ಡ 512 ಬಿಂದು, ಬಿಂದುವಿಗೆ 2 ಬೈಟ್, ಅಂದರೆ ಸುಮಾರು ಅರ್ಧ ಎಂಬಿ. 500 ಹೋಳಿನ ಒಂದು ಅಧ್ಯಯನಕ್ಕೆ 260 ಎಂಬಿ. ನಷ್ಟವಿಲ್ಲದ ಜೆಪೆಗ್ 2000 ಅಥವಾ ಜೆಪೆಗ್-ಎಲ್‌ಎಸ್ ಬಳಸಿದರೆ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಳೆಯ ಅಧ್ಯಯನಗಳನ್ನು ನಿಧಾನದ ಸಂಗ್ರಹಕ್ಕೆ ಸರಿಸಿ, ರೋಗಿಯ ಮುಂದಿನ ಭೇಟಿಯ ಹಿಂದಿನ ರಾತ್ರಿ ಮಾತ್ರ ವಾಪಸ್ ತರಿಸಿಕೊಳ್ಳಿ.

ಪರದೆಗಳು ಸರ್ವರನ್ನು ‘ಹೊಸದೇನಾದರೂ ಇದೆಯಾ’ ಎಂದು 5 ಸೆಕೆಂಡಿಗೊಮ್ಮೆ ಕೇಳುತ್ತಿದ್ದರೆ ಲೆಕ್ಕ ಹಾಕಿ: 300 ಕಂಪ್ಯೂಟರು ದಿನಕ್ಕೆ 51,84,000 ಬಾರಿ ಕೇಳುತ್ತವೆ, ಬಹುಪಾಲು ಉತ್ತರ ‘ಇಲ್ಲ’. ಸರ್ವರೇ ಸುದ್ದಿ ತಳ್ಳುವಂತೆ ಮಾಡಿದರೆ ಈ ಭಾರ ಹೋಗುತ್ತದೆ. ಪರದೆ ಎಂಟು ವರ್ಷ ಹಳೆಯ, 4 ಜಿಬಿ ಮೆಮೊರಿಯ ಕಂಪ್ಯೂಟರಿನಲ್ಲಿ ಓಡಬೇಕು ಎಂಬುದನ್ನು ಸ್ವೀಕಾರದ ಷರತ್ತಾಗಿ ಬರೆಯಿರಿ. ಕಂಪ್ಯೂಟರಿನ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ; ಭಾರದ ಪರದೆಗಾಗಿ ಇಡೀ ವಾರ್ಡಿನ ಯಂತ್ರ ಬದಲಿಸುವುದು ಯಾವ ಲೆಕ್ಕದಲ್ಲೂ ಗಿಟ್ಟದು.

ಹೊರಗೆ ಬರುವ ದಾರಿ

ಯಾರಿಂದ ಕೊಂಡರೂ, ಸ್ವತಃ ಕಟ್ಟಿದರೂ, ದತ್ತಾಂಶ ಪೂರ್ತಿ ಹೊರತೆಗೆಯುವ ಹಕ್ಕು ಮತ್ತು ವಿಧಾನ ಒಪ್ಪಂದದಲ್ಲೇ ಇರಲಿ: ಎಲ್ಲ ಟೇಬಲ್, ಕಾಲಂಗಳ ವಿವರಣೆ, ಕೋಡ್ ಪಟ್ಟಿಗಳು, ಸ್ಕ್ಯಾನ್ ಮಾಡಿದ ಕಾಗದಗಳು, ಯಾರು ಏನು ನೋಡಿದರು ಎಂಬ ಲಾಗ್ ಸಹಿತ. ಬಿಟ್ಟುಹೋಗುವುದು ಸಾಮಾನ್ಯವಾಗಿ ಕೊನೆಯ ಎರಡು. ವರ್ಷಕ್ಕೊಮ್ಮೆ ನಿಜಕ್ಕೂ ತೆಗೆದು, ಖಾಲಿ ಡೇಟಾಬೇಸಿಗೆ ಏರಿಸಿ ನೋಡಿ. ಪ್ರತಿ ಟೇಬಲ್ಲಿನ ಸಾಲುಗಳ ಎಣಿಕೆ ಹೋಲಿಸಿ. ಆಮೇಲೆ ಇಪ್ಪತ್ತು ರೋಗಿಗಳನ್ನು ಆರಿಸಿ: ಜೋಡಿಸಿದ ದಾಖಲೆ ಇರುವವರು, ತಿದ್ದಿದ ಫಲಿತಾಂಶ ಇರುವವರು, ಅವಳಿಗಳು, ವರ್ಷ ಮಾತ್ರ ಗೊತ್ತಿರುವ ಹಿರಿಯರು. ಇವರ ಕಡತವನ್ನು ಹಳೆಯ ಪರದೆಯ ಪಕ್ಕದಲ್ಲಿಟ್ಟು ಒಬ್ಬ ನರ್ಸ್ ಮತ್ತು ಒಬ್ಬ ದಾಖಲೆ ಗುಮಾಸ್ತರು ಸಾಲು ಸಾಲಾಗಿ ಓದಲಿ. ಪ್ರೋಗ್ರಾಮರ್ ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಬರೆದುಕೊಂಡರೆ ಸಾಕು.